ಯಂತ್ರದ ತಪ್ಪು, ಮನುಷ್ಯನಿಗೆ ಸೆರೆ

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಸೌತ್ ವಾರ್ನ್‌ಬರೊ ಎಂಬುದೊಂದು ಸಣ್ಣ ಹಳ್ಳಿ. ಅಲ್ಲಿ ಅಂಗಡಿಯೂ ಅಂಚೆಯ ಕಟ್ಟೆಯೂ ಒಂದೇ ಸೂರಿನಡಿಯಲ್ಲಿದ್ದವು. ಎರಡನ್ನೂ ನಡೆಸುತ್ತಿದ್ದವರು ಜೋ ಹ್ಯಾಮಿಲ್ಟನ್ ಎಂಬ ಮಹಿಳೆ. ೨೦೦೩ನೆಯ ಇಸವಿಯಲ್ಲಿ ಒಂದು ದಿನ ಅವರು ಲೆಕ್ಕ ಮುಗಿಸಲು ಕುಳಿತಾಗ, ಎದುರಿನ ಕಂಪ್ಯೂಟರಿನ ಪರದೆ ಸುಮಾರು ೨,೦೦೦ ಪೌಂಡುಗಳ ಕೊರತೆಯನ್ನು ತೋರಿಸಿತು. ಹಣ ಎಲ್ಲಿಯೂ ಹೋಗಿರಲಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಗಾಬರಿಯಿಂದ ಸಹಾಯ ಕೇಂದ್ರಕ್ಕೆ ದೂರವಾಣಿಯಲ್ಲಿ ಮಾತನಾಡಿದರು. ಆ ತುದಿಯಲ್ಲಿದ್ದವರು ಹೇಳಿದ ಗುಂಡಿಗಳನ್ನು, ಹೇಳಿದ ಕ್ರಮದಲ್ಲಿಯೇ ಒತ್ತಿದರು. ಕೊರತೆ ನೀಗಲಿಲ್ಲ, ಅವರ ಕಣ್ಣೆದುರಿಗೇ ಇಮ್ಮಡಿಯಾಯಿತು!

ಯಾವ ಅಂಗಡಿಯ ಗುಮಾಸ್ತನೂ ಇಂಥ ಲೆಕ್ಕವನ್ನು ಬರೆಯಲಾರನು. ಬರೆದರೂ ಯಜಮಾನನು ಅದನ್ನು ನಂಬಲಾರನು. ಆದರೆ ಇದನ್ನು ಬರೆದುದು ಯಂತ್ರ. ಆದುದರಿಂದ ಎಲ್ಲರೂ ನಂಬಿದರು. ಹ್ಯಾಮಿಲ್ಟನ್ ಮನೆಯನ್ನು ಅಡವಿಟ್ಟರು. ಇಲ್ಲದ ಸಾಲವನ್ನು ತೀರಿಸತೊಡಗಿದರು. ಕೊನೆಗೆ ೩೬,೦೦೦ ಪೌಂಡುಗಳನ್ನು ಕದ್ದರೆಂಬ ಆರೋಪ ಅವರ ತಲೆಯ ಮೇಲೆ ಬಂದಿತು. ಸೆರೆಮನೆಯನ್ನು ತಪ್ಪಿಸಿಕೊಳ್ಳುವ ಸಲುವಾಗಿ, ಸುಳ್ಳು ಲೆಕ್ಕ ಬರೆದುದಾಗಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಸುಳ್ಳು ಲೆಕ್ಕ ಬರೆದುದು ಯಾರು? ಅದು ಹೊರಬೀಳಲು ಇನ್ನೂ ಹತ್ತು ವರ್ಷಗಳಿಗೂ ಮಿಕ್ಕ ಕಾಲ ಬೇಕಾಯಿತು.

ದಿಗಂತವೆಂಬ ಹೆಸರಿನ ಪ್ರೋಗ್ರಾಮು

ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಹೆಚ್ಚಿನವು ಸಂಬಳದ ನೌಕರರಿಂದ ನಡೆಯತಕ್ಕವುಗಳಲ್ಲ. ಹಳ್ಳಿಯ ಅಂಗಡಿಯವರು ಕರಾರಿನ ಮೇಲೆ ತಮ್ಮ ಅಂಗಡಿಯಲ್ಲಿಯೇ ಅಂಚೆಯ ಕೆಲಸವನ್ನು ನಡೆಸಿಕೊಡುತ್ತಾರೆ. ಅವರಿಗೆ ಸಬ್ ಪೋಸ್ಟ್‌ಮಾಸ್ಟರ್ ಎಂದು ಹೆಸರು. ಸ್ಟಾಂಪು ಮಾರುವುದು, ಪಿಂಚಣಿ ಬಟವಾಡೆ ಮಾಡುವುದು, ನಾನಾ ಬಿಲ್ಲುಗಳ ಹಣ ಕಟ್ಟಿಸಿಕೊಳ್ಳುವುದು, ಇವೆಲ್ಲ ಅವರ ಕೆಲಸ. ಲೆಕ್ಕದಲ್ಲಿ ಕೊರತೆ ಬಂದರೆ ಅವರೇ ಕೈಯಿಂದ ತುಂಬಿಕೊಡತಕ್ಕದ್ದೆಂದು ಪೋಸ್ಟ್ ಆಫೀಸ್ ಸಂಸ್ಥೆ ಆ ಕರಾರಿಗೆ ಅರ್ಥ ಹೇಳುತ್ತಿದ್ದಿತು.

ಕಾಗದದ ಕಿರ್ದಿ ಪುಸ್ತಕವಿದ್ದ ಕಾಲದಲ್ಲಿ ಶಿಲ್ಕು ತಾಳೆಯಾಗದಿದ್ದರೆ ಹಿಂದಿನ ಹಾಳೆಗಳನ್ನು ತಿರುವಿ, ಬೆರಳಿಟ್ಟು ಒಂದೊಂದು ಸಾಲನ್ನೂ ಕೂಡಿ ನೋಡಬಹುದಾಗಿತ್ತು. ೧೯೯೯ರಲ್ಲಿ ಆ ಪುಸ್ತಕದ ಸ್ಥಾನಕ್ಕೆ ಹೊರೈಜನ್ ಎಂಬ ಪ್ರೋಗ್ರಾಮು ಬಂದಿತು. ಹೊರೈಜನ್ ಎಂದರೆ ದಿಗಂತ. ಇದನ್ನು ನಿರ್ಮಿಸಿದುದು ಜಪಾನಿನ ಫುಜಿತ್ಸು ಕಂಪೆನಿಯ ಒಡೆತನದಲ್ಲಿದ್ದ ಐ.ಸಿ.ಎಲ್. ಎಂಬ ಬ್ರಿಟಿಷ್ ಕಂಪೆನಿ. ಪ್ರತಿಯೊಂದು ಅಂಚೆ ಕಟ್ಟೆಯ ಮೇಲೆಯೂ ಒಂದು ಕಂಪ್ಯೂಟರು. ಅದರೊಳಗೆ ಕಟ್ಟೆಯ ವ್ಯವಹಾರವನ್ನೆಲ್ಲ ಬರೆದುಕೊಳ್ಳುವ ಪ್ರೋಗ್ರಾಮು. ತಂತಿಯ ಆ ತುದಿಯಲ್ಲಿ ದೇಶದ ಲೆಕ್ಕವನ್ನೆಲ್ಲ ಒಟ್ಟುಗೂಡಿಸುವ ಕೇಂದ್ರ. ಸಾವಿರಾರು ಹಳ್ಳಿಗಳಲ್ಲಿ, ಅದುವರೆಗೆ ಕಂಪ್ಯೂಟರನ್ನು ಮುಟ್ಟಿಯೂ ನೋಡದಿದ್ದವರು ಒಂದೆರಡು ದಿನಗಳ ಶಿಕ್ಷಣ ಪಡೆದು ಅದರ ಮುಂದೆ ಕುಳಿತರು.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನಡೆಯುವ ಯಾವ ಪ್ರೋಗ್ರಾಮಿನಲ್ಲಿಯೇ ಆಗಲಿ ಕಾಣಿಸಿಕೊಳ್ಳುವ ಸಾಮಾನ್ಯ ದೋಷಗಳೇ ಹೊರೈಜನ್ನಿನಲ್ಲಿಯೂ ಇದ್ದವು. ಅವುಗಳಲ್ಲಿ ಅಪೂರ್ವವಾದುದು, ಪವಾಡಸದೃಶವಾದುದು ಒಂದೂ ಇರಲಿಲ್ಲ. ಈ ಕಥೆಯಿಂದ ಕಲಿಯಬೇಕಾದ ಪಾಠ ಇರುವುದೂ ಅಲ್ಲಿಯೇ.

ಹುಳುವಿನ ಕಥೆ

ಪ್ರೋಗ್ರಾಮಿನ ದೋಷವನ್ನು ಇಂಗ್ಲಿಷಿನಲ್ಲಿ ‘ಬಗ್’ ಎನ್ನುತ್ತಾರೆ; ಹುಳು ಎಂದು ಅದರ ಅರ್ಥ. ೧೯೪೭ನೆಯ ಸೆಪ್ಟೆಂಬರ್ ೯ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ೨ ಎಂಬ ಗಣಕಯಂತ್ರ ಕೆಟ್ಟು ನಿಂತಾಗ, ಅದರ ಒಂದು ರಿಲೇಯ ನಡುವೆ ಸಿಕ್ಕಿಬಿದ್ದ ಪತಂಗವೊಂದು ದೊರೆಯಿತು. ಕೆಲಸಗಾರರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ನಿಜವಾಗಿಯೂ ಹುಳು ಸಿಕ್ಕಿದ ಮೊದಲ ಪ್ರಸಂಗ ಇದೆಂದು ಪರಿಹಾಸಕ್ಕಾಗಿ ಬರೆದಿಟ್ಟರು. ಯಂತ್ರದ ದೋಷಕ್ಕೆ ಹುಳುವೆನ್ನುವ ವಾಡಿಕೆ ಅದಕ್ಕೂ ಹಿಂದಿನದೇ. ಆದ್ದರಿಂದಲೇ ಆ ಪರಿಹಾಸ ಅವರಿಗೆ ರುಚಿಸಿತು.

ಆದರೆ ಹೊರಗಿನಿಂದ ಹಾರಿಬರುವ ಹುಳುಗಳು ಬಲು ಅಪರೂಪ. ೧೯೪೯ರಲ್ಲಿ ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿ ತಾವು ಕಟ್ಟಿದ ಎಡ್ಸ್ಯಾಕ್ ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುತ್ತಿದ್ದರು. ಒಂದು ದಿನ ಮೆಟ್ಟಿಲು ಹತ್ತುತ್ತಿದ್ದಾಗ ಅವರಿಗೆ ಥಟ್ಟನೆ ಒಂದು ಸಂಗತಿ ಹೊಳೆಯಿತು. ತಮ್ಮ ಉಳಿದ ಆಯುಷ್ಯದಲ್ಲಿ ಬಹುಭಾಗ ತಾವೇ ಬರೆದ ಪ್ರೋಗ್ರಾಮುಗಳಲ್ಲಿಯ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆದುಹೋಗಲಿದೆಯೆಂಬ ಸಂಗತಿ ಅದು. ಪ್ರೋಗ್ರಾಮೆಂದರೆ ಮನುಷ್ಯನು ಯಂತ್ರಕ್ಕೆ ಬರೆದುಕೊಟ್ಟ ಅಪ್ಪಣೆಗಳ ಪಟ್ಟಿ. ಯಂತ್ರವು ಅಕ್ಷರಶಃ ಅದರಂತೆ ನಡೆಯುತ್ತದೆ. ಬರೆದವನ ಮನಸ್ಸಿನಲ್ಲಿದ್ದುದು ಅದಕ್ಕೆ ತಿಳಿಯದು. ಮಹಾಪಂಡಿತನ ಬರಹದಲ್ಲಿಯೂ ತಪ್ಪು ನುಸುಳುತ್ತದೆಯೆಂದ ಮೇಲೆ ಲಕ್ಷಾಂತರ ಸಾಲುಗಳ ಪ್ರೋಗ್ರಾಮಿನಲ್ಲಿ ತಪ್ಪೇ ಇಲ್ಲವೆಂದು ಹೇಳುವವರು ಒಂದೋ ಅರಿಯದವರು, ಇಲ್ಲವೆ ಹೇಳಬಾರದುದನ್ನು ಬಲ್ಲವರು.

ಒಂದು ಗುಂಡಿ, ನಾಲ್ಕು ಒತ್ತು

ಮೇಜಿನ ಕಂಪ್ಯೂಟರನ್ನು ಬಳಸುವ ಪ್ರತಿಯೊಬ್ಬರಿಗೂ ಅನುಭವಕ್ಕೆ ಬಂದಿರುವ ತೊಂದರೆಯೊಂದುಂಟು. ಗುಂಡಿಯೊತ್ತಿದರೆ ಪರದೆ ಕದಲುವುದಿಲ್ಲ. ಒತ್ತಿದುದು ತಲುಪಿತೋ ಇಲ್ಲವೋ ತಿಳಿಯುವುದಿಲ್ಲ. ಮನುಷ್ಯನು ಮಾಡುವುದೇನು? ಮತ್ತೊಮ್ಮೆ ಒತ್ತುತ್ತಾನೆ. ಬಾಗಿಲು ತಟ್ಟಿ ಉತ್ತರ ಬಾರದಿದ್ದರೆ ಮತ್ತೆ ತಟ್ಟುವುದಿಲ್ಲವೆ, ಹಾಗೆ.

ಪರದೆ ಸ್ತಬ್ಧವಾದ ಮಾತ್ರಕ್ಕೆ ಒಳಗಿನ ಪ್ರೋಗ್ರಾಮು ಕಿವುಡಾಯಿತೆಂದು ತಿಳಿಯಲಾಗದು. ಸಾಮಾನ್ಯವಾಗಿ ಒತ್ತಿದ ಒಂದೊಂದು ಗುಂಡಿಯೂ ಒಳಗೆ ಸರದಿಯ ಸಾಲಿನಲ್ಲಿ ನಿಂತು ಕಾಯುತ್ತದೆ. ಪ್ರೋಗ್ರಾಮು ಬೇರೊಂದು ದೀರ್ಘವಾದ ಕೆಲಸದಲ್ಲಿ ತೊಡಗಿರುವುದರಿಂದ ಪರದೆಯನ್ನು ಬದಲಿಸಲು ಅದಕ್ಕೆ ಪುರಸೊತ್ತಿಲ್ಲ, ಅಷ್ಟೆ. ಆ ಕೆಲಸ ಮುಗಿದೊಡನೆ ಸಾಲಿನಲ್ಲಿ ನಿಂತ ಅಪ್ಪಣೆಗಳನ್ನೆಲ್ಲ ಒಂದೊಂದಾಗಿ ಪಾಲಿಸಿಬಿಡುತ್ತದೆ. ಬರೆಯುವವನು ಜಾಣನಾದರೆ ದೀರ್ಘವಾದ ಕೆಲಸವನ್ನು ಪರದೆ ನೋಡಿಕೊಳ್ಳುವ ಕೆಲಸದಿಂದ ಬೇರ್ಪಡಿಸುತ್ತಾನೆ. ‘ಕೆಲಸ ನಡೆಯುತ್ತಿದೆ, ತಾಳಿರಿ’ ಎಂದು ಪರದೆಯ ಮೇಲೆ ತೋರಿಸುತ್ತಾನೆ. ಒಮ್ಮೆ ಒತ್ತಿದ ಗುಂಡಿ ಎರಡನೆಯ ಸಲ ಕೆಲಸಮಾಡದಂತೆ ತಡೆಯುತ್ತಾನೆ.

೨೦೧೫ನೆಯ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲ್ಲಿಂಗ್ಟನ್ ಎಂಬ ಊರಿನ ಅಂಚೆಯವರು ತಮಗೆ ಬಂದ ೮,೦೦೦ ಪೌಂಡುಗಳ ನಗದಿನ ಚೀಲವನ್ನು ಜಮಾ ಮಾಡಿಕೊಳ್ಳಲು ಎಂಟರ್ ಗುಂಡಿಯನ್ನು ಒತ್ತಿದರು. ಪರದೆ ಮುಂದಕ್ಕೆ ಸರಿಯಲಿಲ್ಲ. ಮತ್ತೆ ಒತ್ತಿದರು, ಇನ್ನೂ ಒತ್ತಿದರು. ಹೊರೈಜನ್ ಆ ಒಂದೇ ಚೀಲವನ್ನು ನಾಲ್ಕು ಸಲ ಜಮಾ ಮಾಡಿಕೊಂಡಿತು. ಪುಸ್ತಕದಲ್ಲಿ ೩೨,೦೦೦, ಪೆಟ್ಟಿಗೆಯಲ್ಲಿ ೮,೦೦೦. ಬಾರದೆ ಇದ್ದ ೨೪,೦೦೦ ಪೌಂಡುಗಳಿಗೆ ಅಂಚೆಯವರು ಉತ್ತರ ಹೇಳಬೇಕಾದ ಪ್ರಸಂಗ ಒದಗಿತು!

ಪ್ರತಿಯೊಂದು ಚೀಲಕ್ಕೂ ಒಂದು ಸಂಖ್ಯೆಯಿರುತ್ತದೆ. ‘ಈ ಸಂಖ್ಯೆಯ ಚೀಲ ಈಗಾಗಲೇ ಜಮೆಯಾಗಿದೆ’ ಎಂದು ನಿರಾಕರಿಸುವ ಒಂದೆರಡು ಸಾಲುಗಳನ್ನು ಬರೆದಿದ್ದರೆ ಸಾಕಾಗಿತ್ತು. ಒಂದೇ ಅಪ್ಪಣೆ ಎರಡು ಸಲ ಬಂದರೂ ಫಲ ಒಂದೇ ಸಲ ಆಗತಕ್ಕದ್ದೆಂಬುದು ಹಣಕಾಸಿನ ಪ್ರೋಗ್ರಾಮಿನ ಮೊದಲ ನೇಮಗಳಲ್ಲೊಂದು. ಹಳೆಯ ಕಾಲದ ಶಾನುಭೋಗರಿಗೂ ಇದು ತಿಳಿದಿತ್ತು. ರಸೀದಿಗೆ ಅನುಕ್ರಮ ಸಂಖ್ಯೆ ಹಾಕುತ್ತಿದ್ದುದು ಅದಕ್ಕಾಗಿಯೇ.

ಬಿಚ್ಚದ ಬೀಗ, ಅರ್ಧ ಬರೆದ ಲೆಕ್ಕ

ಸ್ಕಾಟ್ಲೆಂಡಿನ ಫಾಲ್ಕರ್ಕ್ ನಗರದ ಕ್ಯಾಲೆಂಡರ್ ಸ್ಕ್ವೇರ್ ಅಂಚೆ ಕಚೇರಿಯಲ್ಲಿ ಬೆಳಕಿಗೆ ಬಂದ ದೋಷ ಇನ್ನೊಂದು ಬಗೆಯದು. ಒಂದು ಕಿರ್ದಿ ಪುಸ್ತಕ, ಹಲವರು ಗುಮಾಸ್ತರು ಇರುವ ಕಚೇರಿಯನ್ನು ಊಹಿಸಿಕೊಳ್ಳಬೇಕು. ಇಬ್ಬರು ಏಕಕಾಲದಲ್ಲಿ ಬರೆದರೆ ಲೆಕ್ಕ ಕೆಡುತ್ತದೆ. ಆದ್ದರಿಂದ ಬರೆಯುವವನು ಪುಸ್ತಕವಿರುವ ಕೋಣೆಯ ಬೀಗದ ಕೈಯನ್ನು ತೆಗೆದುಕೊಂಡು ಒಳಹೋಗಬೇಕು, ಬರೆದು ಮುಗಿಸಿ ಅದನ್ನು ಮರಳಿ ತೂಗುಹಾಕಬೇಕು. ಒಬ್ಬನು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮರೆತುಬಿಟ್ಟರೆ? ಮಿಕ್ಕವರೆಲ್ಲ ಬಾಗಿಲ ಬಳಿ ಕಾದುನಿಲ್ಲುತ್ತಾರೆ. ಕಾದು ಬೇಸತ್ತವರು ಬರೆಯದೆಯೇ ಹಿಂದಿರುಗುತ್ತಾರೆ.

ಪ್ರೋಗ್ರಾಮಿನ ಒಳಗೂ ಇಂಥ ಬೀಗಗಳಿವೆ. ಹೊರೈಜನ್ನಿನ ಕಂಪ್ಯೂಟರುಗಳು ಪರಸ್ಪರ ಸುದ್ದಿ ಕಳಿಸಿಕೊಳ್ಳಲು ರಿಪೋಸ್ಟ್ ಎಂಬ ಇನ್ನೊಂದು ಪ್ರೋಗ್ರಾಮನ್ನು ನಂಬಿಕೊಂಡಿದ್ದವು. ಆ ರಿಪೋಸ್ಟು ಕೆಲವೊಮ್ಮೆ ತಾನು ಹಾಕಿದ ಬೀಗವನ್ನು ತೆಗೆಯುತ್ತಿರಲಿಲ್ಲ. ಆಗ ಒಂದೇ ಕಚೇರಿಯ ಒಂದು ಕಟ್ಟೆಯಲ್ಲಿ ನಡೆದ ವ್ಯವಹಾರ ಮತ್ತೊಂದು ಕಟ್ಟೆಗೆ ತಿಳಿಯುತ್ತಿರಲಿಲ್ಲ. ಇಲ್ಲಿ ಒಪ್ಪಿಸಿಕೊಂಡ ಹಣವನ್ನು ಅಲ್ಲಿಯೂ ಒಪ್ಪಿಸಿಕೊಳ್ಳುವಂತಾಗಿ ಲೆಕ್ಕ ಎರಡಾಗುತ್ತಿತ್ತು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಬೀಗ ತಾನೇ ಕಳಚಿಕೊಳ್ಳುತ್ತಿತ್ತು, ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ರೋಗ ಕಾಣಿಸಿಕೊಂಡು ಮಾಯವಾಗುತ್ತಿದ್ದುದರಿಂದಲೇ ವೈದ್ಯನ ಕೈಗೆ ಸಿಕ್ಕಲಿಲ್ಲ. ೨೦೦೦ದ ಸುಮಾರಿನಿಂದ ಇದ್ದ ಈ ದೋಷಕ್ಕೆ ೨೦೦೬ರಲ್ಲಿ ಪರಿಹಾರ ದೊರೆಯಿತು. ಅಷ್ಟರಲ್ಲಿ ಆರು ವರ್ಷಗಳ ಲೆಕ್ಕ ಅದರ ಮೂಲಕ ಹರಿದುಹೋಗಿತ್ತು.

ಮೂರನೆಯದು ೨೦೧೦ರಲ್ಲಿ, ಹೊಸ ರೂಪದ ಹೊರೈಜನ್ ಬಂದ ವರ್ಷವೇ ಕಾಣಿಸಿಕೊಂಡಿತು. ಲೆಕ್ಕದ ಅವಧಿಯನ್ನು ಮುಗಿಸುವಾಗ ವ್ಯತ್ಯಾಸವಿದೆಯೆಂದು ಪರದೆ ತಿಳಿಸುತ್ತದೆ. ಏನು ಮಾಡಬೇಕೆಂದು ಕೇಳುತ್ತದೆ. ಆಗ ಅಂಚೆಯವರು ‘ರದ್ದು’ ಎಂಬ ಗುಂಡಿಯನ್ನೊತ್ತಿ ಮುಂದುವರಿದರೆ, ಕಟ್ಟೆಯ ಲೆಕ್ಕದಿಂದ ಆ ವ್ಯತ್ಯಾಸ ಅಳಿಸಿಹೋಗುತ್ತಿತ್ತು. ಕೇಂದ್ರದ ಪುಸ್ತಕದಲ್ಲಿ ಮಾತ್ರ ಉಳಿಯುತ್ತಿತ್ತು. ಒಂದೇ ವ್ಯವಹಾರಕ್ಕೆ ಎರಡು ಸತ್ಯಗಳು! ೬೨ ಶಾಖೆಗಳು ಈ ದೋಷಕ್ಕೆ ಸಿಕ್ಕಿದ್ದವು. ಜಮೆಯೂ ಖರ್ಚೂ ಒಟ್ಟಿಗೆ ಬರೆಯಲ್ಪಡಬೇಕು, ಇಲ್ಲವೆ ಎರಡೂ ಬರೆಯಲ್ಪಡಬಾರದು. ಅರ್ಧ ಬರೆದ ಲೆಕ್ಕ ಇರಲೇಕೂಡದು ಎಂಬುದು ಈ ವಿದ್ಯೆಯ ಎರಡನೆಯ ನೇಮ. ‘ರದ್ದು’ ಗುಂಡಿಯನ್ನು ಯಾರೂ ಒತ್ತಲಾರರೆಂದು ಭಾವಿಸಿ ಬರೆದ ಪ್ರೋಗ್ರಾಮುಗಳು ಎಷ್ಟೋ. ಗುಂಡಿಯೆಂದು ಒಂದನ್ನು ಇಟ್ಟ ಮೇಲೆ ಯಾರಾದರೊಬ್ಬರು ಅದನ್ನು ಒತ್ತಿಯೇ ಒತ್ತುತ್ತಾರೆ.

ಏಳರಿಂದ ಹದಿನಾಲ್ಕು ಕಳೆದರೆ

ಈ ದೋಷಗಳು ಯಾರಿಗೂ ತಿಳಿಯದೆ ಹುಟ್ಟಿದವೆಂದು ಹೇಳುವಂತಿಲ್ಲ. ಹೊರೈಜನ್ ಹಳ್ಳಿಗಳನ್ನು ತಲುಪುವುದಕ್ಕೆ ಮೊದಲೇ, ೧೯೯೮ರಲ್ಲಿ, ಕಟ್ಟೆಯ ಲೆಕ್ಕದ ಭಾಗದಲ್ಲಿ ತಪ್ಪುಗಳ ರಾಶಿ ಬಿದ್ದಿದ್ದುದರಿಂದ ಅವನ್ನು ತೀರಿಸಲು ಕಂಪೆನಿಯೊಳಗೇ ಒಂದು ತಂಡ ನೇಮಕವಾಗಿತ್ತು. ಆ ತಂಡದ ವರದಿಯಲ್ಲಿ ಉದಾಹರಣೆಗಾಗಿ ತೋರಿಸಿದ ಒಂದು ತುಣುಕು ಈಚೆಗೆ ಬಹಳ ಪ್ರಸಿದ್ಧವಾಗಿದೆ.

ಒಂದು ಸಂಖ್ಯೆಯ ಚಿಹ್ನೆಯನ್ನು ಬದಲಿಸಬೇಕು; ಅಧಿಕ ೭ ಇದ್ದರೆ ಋಣ ೭ ಆಗಬೇಕು. ಸಂಖ್ಯೆಯ ಹಿಂದೆ ಒಂದು ಋಣಚಿಹ್ನೆಯನ್ನು ಇಟ್ಟರೆ ಮುಗಿಯಿತು. ಮಾಧ್ಯಮಿಕ ಶಾಲೆಯ ಹುಡುಗನೂ ಬಲ್ಲ ಕೆಲಸ. ಆದರೆ ಬರೆದವರು ಹೀಗೆ ಮಾಡಿದ್ದರು: ಸಂಖ್ಯೆ ಋಣವಾಗಿದ್ದರೆ ಅದರ ಚಿಹ್ನೆಯನ್ನು ತೆಗೆದುಹಾಕು, ಅಧಿಕವಾಗಿದ್ದರೆ ಆ ಸಂಖ್ಯೆಯಿಂದ ಅದರ ಎರಡರಷ್ಟನ್ನು ಕಳೆ. ಅಂದರೆ ೭ರಿಂದ ೧೪ನ್ನು ಕಳೆದು ಋಣ ೭ನ್ನು ಪಡೆ! ಉತ್ತರವೇನೋ ಸರಿಯೇ. ಮೂಗನ್ನು ಮುಟ್ಟಲು ಕತ್ತಿನ ಹಿಂದಿನಿಂದ ಕೈ ಸುತ್ತಿಸಿದಂತಿದೆ. ಇದರಿಂದಲೇ ಯಾರ ಹಣವೂ ಕಳೆಯಲಿಲ್ಲ. ಆದರೆ ಇಂಥ ಕೈಗಳು ಬರೆದ ಉಳಿದ ಸಾಲುಗಳ ಗತಿಯೇನೆಂದು ತಂಡದವರು ಚಿಂತಿಸಿದುದು ಸಹಜ. ಆ ಭಾಗವನ್ನು ಹೊಸದಾಗಿ ಬರೆಯುವ ಮಾತೂ ಹುಟ್ಟಿತು. ಆದರೆ ಅದು ನಡೆಯಲಿಲ್ಲ. ತೇಪೆಯ ಮೇಲೆ ತೇಪೆ ಹಾಕಿದ ಬಟ್ಟೆಯನ್ನೇ ದೇಶಕ್ಕೆ ಉಡಿಸಲಾಯಿತು.

ದೋಷವನ್ನು ಹುಡುಕುವ ವಿದ್ಯೆ

ದೋಷವಿರುವುದು ಅಪರಾಧವಲ್ಲ, ಹುಡುಕದಿರುವುದು ಅಪರಾಧ. ಹುಡುಕುವುದಕ್ಕೆ ಒಂದು ಕ್ರಮವುಂಟು. ಅದು ವೈದ್ಯನ ಕ್ರಮಕ್ಕಿಂತಲೂ ಪತ್ತೇದಾರನ ಕ್ರಮಕ್ಕಿಂತಲೂ ಬೇರೆಯಲ್ಲ.

ಮೊದಲನೆಯದಾಗಿ, ದೂರು ಹೇಳುವವನ ಮಾತನ್ನು ಪೂರ್ತಿಯಾಗಿ ಕೇಳಬೇಕು. ಯಾವ ಗುಂಡಿ, ಯಾವ ಹೊತ್ತು, ಪರದೆಯ ಮೇಲೆ ಬಂದ ಮಾತೇನು, ಅದಕ್ಕೆ ಮೊದಲು ಏನು ಮಾಡುತ್ತಿದ್ದಿರಿ? ‘ನಮ್ಮ ಯಂತ್ರದಲ್ಲಿ ಸರಿಯಾಗಿಯೇ ಇದೆ’ ಎಂಬುದು ಪ್ರೋಗ್ರಾಮು ಬರೆಯುವವರ ಬಾಯಲ್ಲಿ ಸದಾ ಇರುವ ಉತ್ತರ. ಅದು ಉತ್ತರವಲ್ಲ, ನುಣುಚಿಕೊಳ್ಳುವಿಕೆ. ಎರಡನೆಯದಾಗಿ, ಅದೇ ದೋಷವನ್ನು ತನ್ನ ಮೇಜಿನ ಮೇಲೆ ಮತ್ತೆ ಹುಟ್ಟಿಸಬೇಕು. ಬೇಕೆಂದಾಗ ಹುಟ್ಟಿಸಲು ಬಂದ ದೋಷ ಅರ್ಧ ಸತ್ತಂತೆಯೇ. ಮೂರನೆಯದಾಗಿ, ಪ್ರೋಗ್ರಾಮು ತಾನೇ ಬರೆದಿಡುವ ದಿನಚರಿಯನ್ನು ಓದಬೇಕು. ಬೀಗಕ್ಕಾಗಿ ಕಾದು ಸೋತ ಪ್ರಸಂಗಗಳು ಹೊರೈಜನ್ನಿನ ದಿನಚರಿಯಲ್ಲಿ ದಾಖಲಾಗಿಯೇ ಇದ್ದವು; ಓದುವ ಕಣ್ಣುಗಳು ಬೇಕಾಗಿದ್ದವು.

ನಾಲ್ಕನೆಯದು, ಅರ್ಧ ಮಾಡುತ್ತ ಹೋಗುವುದು. ೧,೦೨೪ ಸಾಲುಗಳಲ್ಲಿ ಎಲ್ಲೋ ಒಂದು ಕಡೆ ತಪ್ಪಿದೆಯೆಂದಿಟ್ಟುಕೊಳ್ಳೋಣ. ನಡುವೆ ನಿಂತು ನೋಡಿದಾಗ ಲೆಕ್ಕ ಸರಿಯಾಗಿದ್ದರೆ ತಪ್ಪು ಕೆಳಗಿನ ೫೧೨ರಲ್ಲಿ, ಇಲ್ಲವಾದರೆ ಮೇಲಿನ ೫೧೨ರಲ್ಲಿ. ಹೀಗೆ ಹತ್ತು ಹೆಜ್ಜೆಗಳಲ್ಲಿ ಕಳ್ಳ ಅಡಗಿರುವ ಒಂದೇ ಸಾಲಿಗೆ ಬಂದು ನಿಲ್ಲಬಹುದು. ಐದನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ರೋಗ ವಾಸಿಯಾದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಕೊನೆಯದಾಗಿ, ತಪ್ಪನ್ನು ತಿದ್ದಿದ ಮೇಲೆ ಅದು ಮರಳಿ ಬಾರದಂತೆ ಕಾವಲಿಗೆ ಒಂದು ಪರೀಕ್ಷೆಯನ್ನು ಬರೆದಿಡಬೇಕು. ಈ ತಪ್ಪಿನಿಂದ ಇನ್ನು ಯಾರು ಯಾರಿಗೆ ತೊಂದರೆಯಾಗಿದ್ದಿತೆಂದು ಹುಡುಕಿ ಅವರಿಗೆ ತಿಳಿಸಬೇಕು.

ಈ ಕ್ರಮವನ್ನು ಅನುಸರಿಸಲೆಳಸಿದವರು ವೇಲ್ಸ್ ಸೀಮೆಯ ಕಡಲತೀರದ ಲಾನ್‌ಡಿಡ್ನೊ ಪಟ್ಟಣದ ಸಬ್ ಪೋಸ್ಟ್‌ಮಾಸ್ಟರ್ ಅಲನ್ ಬೇಟ್ಸ್. ೨೦೦೦ದಲ್ಲಿ ಅವರ ಕಟ್ಟೆಗೆ ಹೊರೈಜನ್ ಬಂದ ಸ್ವಲ್ಪ ಕಾಲದಲ್ಲಿಯೇ ೬,೦೦೦ ಪೌಂಡುಗಳಿಗೂ ಮಿಕ್ಕ ಕೊರತೆ ಕಾಣಿಸಿತು. ಅವರು ಯಂತ್ರ ಮುದ್ರಿಸಿದ ಕಾಗದದ ಸುರುಳಿಗಳನ್ನು ಬಿಚ್ಚಿ ಸಾಲು ಸಾಲಾಗಿ ತಾಳೆ ನೋಡಿದರು. ಬಹುಪಾಲು ಕೊರತೆ, ಒಂದೇ ಬಾಬನ್ನು ಎರಡೆರಡು ಸಲ ಹಿಡಿದುದರಿಂದ ಆದುದೆಂದು ಗೊತ್ತಾಯಿತು. ಉಳಿದುದನ್ನು ಹುಡುಕಲು ಬೇಕಾದ ದಾಖಲೆಗಳು ಯಂತ್ರದೊಳಗಿದ್ದವು. ಅವು ಅವರ ಕೈಗೆ ಎಟುಕುವಂತಿರಲಿಲ್ಲ. ದಾಖಲೆ ತೋರಿಸಿರಿ, ಹಣ ಕೊಡುತ್ತೇನೆ ಎಂಬುದು ಅವರ ನಿಲುವು. ೨೦೦೩ರಲ್ಲಿ ಪೋಸ್ಟ್ ಆಫೀಸ್ ಸಂಸ್ಥೆ ಅವರ ಕರಾರನ್ನೇ ರದ್ದುಗೊಳಿಸಿತು.

ನೀವೊಬ್ಬರೇ

ಸಹಾಯ ಕೇಂದ್ರಕ್ಕೆ ದೂರು ಹೇಳಿದ ಹಲವರಿಗೆ ದೊರೆತ ಉತ್ತರ ಒಂದೇ: ಇಂಥ ತೊಂದರೆ ಬಂದಿರುವುದು ನಿಮಗೊಬ್ಬರಿಗೇ. ಇದಕ್ಕಿಂತ ಕ್ರೂರವಾದ ಮಾತು ಇನ್ನಾವುದಿದ್ದೀತು? ಒಂಟಿಯಾದವನು ತನ್ನನ್ನೇ ಶಂಕಿಸತೊಡಗುತ್ತಾನೆ; ಮನೆಯವರನ್ನು ಶಂಕಿಸುತ್ತಾನೆ; ಅಂಗಡಿಯ ಆಳನ್ನು ಶಂಕಿಸುತ್ತಾನೆ. ಯಂತ್ರವನ್ನು ಶಂಕಿಸುವ ಧೈರ್ಯ ಬರುವುದಿಲ್ಲ. ಊರವರ ಕಣ್ಣಿನಲ್ಲಿ ಅವನು ಮುದುಕರ ಪಿಂಚಣಿಯನ್ನು ಕದ್ದವನು.

ಕಾನೂನೂ ಯಂತ್ರದ ಪಕ್ಷವನ್ನೇ ವಹಿಸಿತು. ಕಂಪ್ಯೂಟರಿನ ಲೆಕ್ಕವನ್ನು ಸಾಕ್ಷ್ಯವಾಗಿ ತರುವವರು ಆ ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕೆಂಬ ವಿಧಿ ಇಂಗ್ಲೆಂಡಿನ ೧೯೮೪ರ ಶಾಸನದಲ್ಲಿದ್ದಿತು. ೧೯೯೯ರ ಶಾಸನ ಅದನ್ನು ತೆಗೆದುಹಾಕಿತು. ಬೇರೆಯೆಂದು ತೋರಿಬಂದ ಹೊರತು ಯಂತ್ರ ಸರಿಯಾಗಿಯೇ ಇತ್ತೆಂದು ಭಾವಿಸತಕ್ಕದ್ದೆಂಬ ನಿಯಮ ಉಳಿಯಿತು. ಹಳ್ಳಿಯ ಅಂಗಡಿಯವನು, ತಾನು ಕಾಣದ ಪ್ರೋಗ್ರಾಮಿನ ತಪ್ಪನ್ನು ತಾನೇ ತೋರಿಸಬೇಕಾಯಿತು. ಹೊರೈಜನ್ ಬಂದ ವರ್ಷವೇ ಈ ಬದಲಾವಣೆಯೂ ಆದುದು ವಿಧಿಯ ವಿಲಾಸವೆನ್ನಬೇಕು.

ಭಾರತ ಮೂಲದ ಸೀಮಾ ಮಿಶ್ರಾ ಎಂಬವರು ಸರ್ರೆ ಪ್ರಾಂತದ ವೆಸ್ಟ್ ಬೈಫ್ಲೀಟಿನಲ್ಲಿ ಅಂಚೆಯನ್ನು ನಡೆಸುತ್ತಿದ್ದರು. ಸುಮಾರು ೭೪,೦೦೦ ಪೌಂಡುಗಳನ್ನು ಕದ್ದರೆಂದು ಅವರ ಮೇಲೆ ಮೊಕದ್ದಮೆ ನಡೆಯಿತು. ಅವರು ತಪ್ಪೊಪ್ಪಿಕೊಳ್ಳಲಿಲ್ಲ, ಯಂತ್ರದಲ್ಲಿ ದೋಷವಿದೆಯೆಂದೇ ವಾದಿಸಿದರು. ೨೦೧೦ನೆಯ ನವೆಂಬರಿನಲ್ಲಿ ಅವರಿಗೆ ಹದಿನೈದು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಅಂದು ಅವರ ಹಿರಿಯ ಮಗನ ಹತ್ತನೆಯ ಹುಟ್ಟಿದ ಹಬ್ಬ. ಆಗ ಅವರು ಗರ್ಭಿಣಿ. ಅರವತ್ತೆರಡು ಶಾಖೆಗಳ ‘ರದ್ದು’ ಗುಂಡಿಯ ದೋಷ ಬೆಳಕಿಗೆ ಬಂದುದೂ ಅದೇ ವರ್ಷ; ನ್ಯಾಯಾಲಯದಲ್ಲಿ ಅದರ ಮಾತು ಬರಲಿಲ್ಲ.

ಹಳ್ಳಿಯ ಸಭಾಭವನದಲ್ಲಿ

೨೦೦೯ರಲ್ಲಿ ಕಂಪ್ಯೂಟರ್ ವೀಕ್ಲಿ ಎಂಬ ಪತ್ರಿಕೆ ಕೆಲವು ಸಬ್ ಪೋಸ್ಟ್‌ಮಾಸ್ಟರರ ಕಥೆಗಳನ್ನು ಒಟ್ಟಿಗೆ ಪ್ರಕಟಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅಲನ್ ಬೇಟ್ಸರ ಕರೆಯ ಮೇರೆಗೆ ವಾರಿಕ್‌ಷೈರಿನ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ಹಲವರು ಸೇರಿದರು. ಒಬ್ಬೊಬ್ಬರೂ ಎದ್ದು ನಿಂತು ಹೇಳಿದುದು ಒಂದೇ ಕಥೆ. ‘ನೀವೊಬ್ಬರೇ’ ಎಂಬ ಸುಳ್ಳು ಅಂದು ಸತ್ತಿತು. ದೋಷ ಹುಡುಕುವ ವಿದ್ಯೆಯ ಮೊದಲ ಪಾಠವನ್ನು, ಅಂದರೆ ದೂರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದನ್ನು, ತಜ್ಞರು ಮಾಡಲಿಲ್ಲ, ಸಂಕಟಪಟ್ಟವರೇ ಮಾಡಿದರು.

ಮುಂದೆ ೫೫೫ ಮಂದಿ ಸೇರಿ ದಾವೆ ಹೂಡಿದರು. ೨೦೧೯ನೆಯ ಡಿಸೆಂಬರಿನಲ್ಲಿ ೫೭.೭೫ ದಶಲಕ್ಷ ಪೌಂಡುಗಳಿಗೆ ರಾಜಿಯಾಯಿತು. ಅದರಲ್ಲಿ ಬಹುಪಾಲು ದಾವೆಯ ವೆಚ್ಚಕ್ಕೇ ಹೋಯಿತು. ಅದೇ ತಿಂಗಳು ನ್ಯಾಯಮೂರ್ತಿ ಫ್ರೇಸರ್ ಹೊರೈಜನ್ನಿನ ದೋಷಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಪಿತ್ತರು. ಸಾಕ್ಷ್ಯ ಕಣ್ಣೆದುರಿಗಿದ್ದರೂ ದೋಷವೇ ಇಲ್ಲವೆಂದು ಹಟಹಿಡಿಯುವುದು ಭೂಮಿ ಚಪ್ಪಟೆಯಾಗಿದೆಯೆಂದು ವಾದಿಸುವುದಕ್ಕೆ ಸಮಾನವೆಂಬುದು ಅವರ ಅಭಿಪ್ರಾಯವಾಗಿದ್ದಿತು. ಕೇಂದ್ರದಲ್ಲಿದ್ದ ಇಂಜಿನಿಯರರು ಅಂಚೆಯವರಿಗೆ ತಿಳಿಯದಂತೆಯೇ ಅವರ ಲೆಕ್ಕದೊಳಗೆ ಬಾಬುಗಳನ್ನು ಸೇರಿಸಬಹುದಾಗಿದ್ದಿತೆಂಬುದೂ ಆ ದಾವೆಯಲ್ಲಿ ಸ್ಥಿರಪಟ್ಟಿತು. ಅದುವರೆಗೆ ಪೋಸ್ಟ್ ಆಫೀಸ್ ಸಂಸ್ಥೆ ಅದನ್ನು ಅಲ್ಲಗಳೆಯುತ್ತ ಬಂದಿತ್ತು.

೨೦೨೧ನೆಯ ಏಪ್ರಿಲ್ ೨೩ರಂದು ಮೇಲಿನ ನ್ಯಾಯಾಲಯ ೩೯ ಮಂದಿಯ ಶಿಕ್ಷೆಗಳನ್ನು ತೊಡೆದುಹಾಕಿತು. ಜೋ ಹ್ಯಾಮಿಲ್ಟನ್, ಸೀಮಾ ಮಿಶ್ರಾ ಇಬ್ಬರೂ ಅವರಲ್ಲಿದ್ದರು. ೨೦೨೪ನೆಯ ಜನವರಿಯಲ್ಲಿ ಈ ಕಥೆ ಟೆಲಿವಿಷನ್ ನಾಟಕವಾಗಿ ಪ್ರಸಾರವಾದಾಗ ದೇಶವೇ ಎಚ್ಚೆತ್ತಿತು. ಅದೇ ಮೇ ತಿಂಗಳಿನಲ್ಲಿ, ಉಳಿದವರ ಶಿಕ್ಷೆಗಳನ್ನು ಒಟ್ಟಾಗಿ ರದ್ದುಗೊಳಿಸುವ ಶಾಸನವನ್ನು ಪಾರ್ಲಿಮೆಂಟು ಅಂಗೀಕರಿಸಿತು. ೧೯೯೯ರಿಂದ ೨೦೧೫ರ ವರೆಗೆ ಹೀಗೆ ಅಪರಾಧಿಗಳೆನಿಸಿಕೊಂಡವರು ೯೦೦ಕ್ಕೂ ಹೆಚ್ಚು ಮಂದಿ. ಕನಿಷ್ಠಪಕ್ಷ ೧೩ ಮಂದಿ ಈ ಸಂಕಟದ ಕಾರಣದಿಂದ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಿರಬಹುದೆಂದು ಸರ್ ವಿನ್ ವಿಲಿಯಮ್ಸರ ವಿಚಾರಣಾ ವರದಿ ೨೦೨೫ನೆಯ ಜುಲೈಯಲ್ಲಿ ತಿಳಿಸಿತು. ಅವರಿಗೆ ಯಾವ ಶಾಸನವೂ ಏನನ್ನೂ ಮರಳಿಸಲಾರದು.

ನಾಲ್ಕು ಸಲ ಒತ್ತಿದ ಗುಂಡಿ, ತೆಗೆಯದ ಬೀಗ, ಅರ್ಧಕ್ಕೆ ನಿಂತ ರದ್ದು: ಇವು ಮೂರೂ ಯಾವ ಕಚೇರಿಯ ಪ್ರೋಗ್ರಾಮಿನಲ್ಲಿಯೂ ನಾಳೆಯೇ ಕಾಣಿಸಿಕೊಳ್ಳಬಹುದಾದ ಸಣ್ಣ ತಪ್ಪುಗಳು. ಒಳ್ಳೆಯ ಇಂಜಿನಿಯರನೊಬ್ಬನು ಮನಸ್ಸಿಟ್ಟು ಕುಳಿತರೆ ತಿದ್ದಬಹುದಾದಂಥವು. ಅವು ಮನೆಗಳನ್ನು ಮುರಿದುದು, ಸೆರೆಮನೆಯ ಬಾಗಿಲು ತೆರೆಸಿದುದು ತಮ್ಮ ಬಲದಿಂದಲ್ಲ; ‘ತಪ್ಪು ನಮ್ಮದಿರಬಹುದೆ?’ ಎಂದು ಯಾರೂ ಕೇಳದಿದ್ದುದರಿಂದ. ಪ್ರೋಗ್ರಾಮು ಬರೆಯುವ ತರುಣ ತರುಣಿಯರು ಇಂದು ನಮ್ಮ ಬೆಂಗಳೂರಿನಲ್ಲಿ ಲಕ್ಷಗಟ್ಟಲೆಯಾಗಿದ್ದಾರೆ. ಅವರ ಮೇಜಿನ ಮೇಲೆ ದಿನವೂ ದೂರುಗಳು ಬಂದು ಬೀಳುತ್ತವೆ. ಒಂದೊಂದು ದೂರಿನ ಆ ತುದಿಯಲ್ಲಿಯೂ ಯಾರೋ ಒಬ್ಬರು ಪೆಟ್ಟಿಗೆಯ ಹಣವನ್ನು ಮೂರನೆಯ ಸಲ ಎಣಿಸುತ್ತ ಕುಳಿತಿರಬಹುದು.

ಸೌತ್ ವಾರ್ನ್‌ಬರೊ ಹಳ್ಳಿಯ 
ಜನರಿಗೆ ಪ್ರೋಗ್ರಾಮಿನ ವಿಷಯ ಏನೂ ತಿಳಿದಿರಲಿಲ್ಲ. ಆದರೂ ಅವರು ಜೋ ಹ್ಯಾಮಿಲ್ಟನ್ನರಿಗಾಗಿ ಹಣ ಕೂಡಿಸಿದರು. ೨೦೦೮ರಲ್ಲಿ ಶಿಕ್ಷೆಯ ದಿನ ವಿಂಚೆಸ್ಟರಿನ ನ್ಯಾಯಾಲಯಕ್ಕೆ ಗುಂಪಾಗಿ ಬಂದು ಕುಳಿತರು. ಆಕೆಯನ್ನು ಅವರು ಬಲ್ಲವರಾಗಿದ್ದರು. ಯಂತ್ರದ ಲೆಕ್ಕವೂ ತಾವು ಬಲ್ಲ ಮನುಷ್ಯರ ನಡತೆಯೂ ತಾಳೆಯಾಗದಿದ್ದಾಗ, ಲೆಕ್ಕವನ್ನೇ ಇನ್ನೊಮ್ಮೆ ನೋಡಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.